ಮುಂಬಯಿಯಲ್ಲಿ ಮೂರು ದಿನ: ಗೆಳೆಯರ ಗುಂಪಿಗೊಂದು ಕೈಪಿಡಿ

ಸಂಜೆ ಆರೂವರೆಯ ಹೊತ್ತು. ದಾದರ್ ನಿಲ್ದಾಣ. ಓದು ಮುಗಿಸಿ ಕೆಲಸಕ್ಕೆ ಸೇರುವ ಮುನ್ನ ಮುಂಬಯಿ ನೋಡಲು ಹೋಗಿದ್ದ ಆರು ಮಂದಿ ಗೆಳೆಯರ ತಂಡದಲ್ಲಿ ಈ ವರದಿಗಾರನೂ ಒಬ್ಬ. ಲೋಕಲ್ ರೈಲು ಬಂದು ನಿಂತಿತು. ಇಪ್ಪತ್ತು ಸೆಕೆಂಡಿನಲ್ಲಿ ಹೊರಟಿತು. ಆರರಲ್ಲಿ ನಾಲ್ವರು ಒಳಗಿದ್ದರು, ಇಬ್ಬರು ಪ್ಲಾಟ್‌ಫಾರಂನಲ್ಲೇ ಉಳಿದಿದ್ದರು. ಉಳಿದವರಲ್ಲೊಬ್ಬ ಚಲಿಸುತ್ತಿದ್ದ ಡಬ್ಬಿಯ ಕಂಬಿ ಹಿಡಿಯಲು ಓಡಿದ. ಪಕ್ಕದಲ್ಲಿ ನಿಂತಿದ್ದ ಅಪರಿಚಿತ ಹಿರಿಯರೊಬ್ಬರು ಅವನ ಅಂಗಿಯ ಕೊರಳಪಟ್ಟಿ ಹಿಡಿದು ಹಿಂದಕ್ಕೆಳೆದರು. ನಾಲ್ಕು ನಿಮಿಷದಲ್ಲಿ ಇನ್ನೊಂದು ಗಾಡಿ ಬರುತ್ತದೆ ಎಂದಷ್ಟೇ ಹೇಳಿ ಅವರು ಜನಸಂದಣಿಯಲ್ಲಿ ಮರೆಯಾದರು.

ಕರ್ನಾಟಕದ ನಾನಾ ಊರುಗಳಿಂದ ಯುವಕ ಯುವತಿಯರು ಗುಂಪು ಕಟ್ಟಿಕೊಂಡು ಮಹಾನಗರಿ ಮುಂಬಯಿಗೆ ಹೋಗುತ್ತಲೇ ಇರುತ್ತಾರೆ. ಹೆಚ್ಚಿನವರು ಸುಖವಾಗಿ ಮರಳುತ್ತಾರೆ. ಆದರೆ ಬಹಳಷ್ಟು ಮಂದಿ ನೋಡಬೇಕಾದುದನ್ನು ನೋಡದೆ, ದಣಿದು, ದುಡ್ಡು ಕಳೆದುಕೊಂಡು, ಕೆಲವೊಮ್ಮೆ ಪರಸ್ಪರ ಮುನಿಸಿಕೊಂಡು ಮರಳುತ್ತಾರೆ ಎಂಬುದೂ ಸತ್ಯ. ಮೊದಲ ಬಾರಿಗೆ ಹೊರಡುವ ಇಂತಹ ತಂಡಗಳಿಗೆ ನೆರವಾಗಲೆಂದು, ಮೂರು ದಿನಗಳ ಪ್ರವಾಸವನ್ನು ಲೆಕ್ಕದಲ್ಲಿಟ್ಟು ಈ ಮಾಹಿತಿಯನ್ನು ಸಿದ್ಧಪಡಿಸಲಾಗಿದೆ.

ಏಳು ದ್ವೀಪಗಳ ಊರು

ಇಂದು ಒಂದೇ ನೆಲವಾಗಿ ಕಾಣುವ ದಕ್ಷಿಣ ಮುಂಬಯಿ ಮೂಲದಲ್ಲಿ ಏಳು ದ್ವೀಪಗಳ ಸಮೂಹ. ಪೋರ್ಚುಗೀಸರ ವಶದಲ್ಲಿದ್ದ ಈ ದ್ವೀಪಗಳು 1661ರಲ್ಲಿ ಬ್ರಿಟನ್ನಿನ ದೊರೆ ಎರಡನೇ ಚಾರ್ಲ್ಸ್‌ಗೆ ಪೋರ್ಚುಗೀಸ್ ರಾಜಕುಮಾರಿ ಕ್ಯಾಥರೀನಳೊಂದಿಗಿನ ವಿವಾಹದಲ್ಲಿ ಬಳುವಳಿಯಾಗಿ ಸಂದವು. 1668ರಲ್ಲಿ ಅರಸನು ಇವನ್ನು ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಒಪ್ಪಿಸಿದ. ಆ ಬಳಿಕ ಎರಡು ಶತಮಾನಗಳಿಗೂ ಹೆಚ್ಚು ಕಾಲ ಸಮುದ್ರಕ್ಕೆ ಮಣ್ಣು ತುಂಬಿ, ದ್ವೀಪಗಳನ್ನು ಬೆಸೆದು ಇಂದಿನ ನಗರವನ್ನು ರೂಪಿಸಲಾಯಿತು. ಉತ್ತರದಿಂದ ದಕ್ಷಿಣಕ್ಕೆ ಉದ್ದುದ್ದ ಚಾಚಿಕೊಂಡಿರುವ ಈ ಕಿರಿದಾದ ಭೂಪಟ್ಟಿಯ ಆಕಾರವನ್ನು ಪ್ರವಾಸಿಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಕಚೇರಿಗಳು ದಕ್ಷಿಣದಲ್ಲಿ, ವಸತಿ ಪ್ರದೇಶಗಳು ಉತ್ತರದಲ್ಲಿ ಬೆಳೆದ ಕಾರಣ ಬೆಳಿಗ್ಗೆ ಜನಪ್ರವಾಹ ದಕ್ಷಿಣಕ್ಕೆ, ಸಂಜೆ ಉತ್ತರಕ್ಕೆ ಹರಿಯುತ್ತದೆ. ಈ ಪ್ರವಾಹಕ್ಕೆ ಎದುರಾಗಿ ಸಾಗುವ ಪ್ರವಾಸಿಗೆ ಕೂರಲು ಜಾಗ ಸಿಗುತ್ತದೆ, ಅದರೊಂದಿಗೆ ಸಾಗುವವನಿಗೆ ನಿಲ್ಲಲೂ ಸಿಗದು.

ಯಾವಾಗ ಹೊರಡಬೇಕು, ಎಲ್ಲಿ ಇಳಿಯಬೇಕು

ನವೆಂಬರ್‌ನಿಂದ ಫೆಬ್ರವರಿಯವರೆಗಿನ ಅವಧಿ ಪ್ರಶಸ್ತ. ಮಾರ್ಚ್ ನಂತರ ಸೆಖೆ ಅಸಹನೀಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ಮುಂಬಯಿಗೆ ತನ್ನದೇ ಸೊಬಗಿದ್ದರೂ ಮೂರೇ ದಿನಗಳಿಗೆಂದು ಬಂದವರ ಯೋಜನೆ ಒಂದೇ ಮಳೆಗೆ ಕೊಚ್ಚಿಹೋಗಬಹುದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದು ಇಡೀ ನಗರ ಸ್ತಬ್ಧಗೊಂಡದ್ದು ಇಂದಿಗೂ ಜನರ ನೆನಪಿನಲ್ಲಿದೆ. ಭಾರಿ ಮಳೆಯೂ ಸಮುದ್ರದ ಉಬ್ಬರವೂ ಒಟ್ಟಿಗೆ ಬಂದರೆ ನೀರು ಕಡಲಿಗೆ ಹರಿದುಹೋಗಲು ದಾರಿಯಿಲ್ಲದೆ ತಗ್ಗು ಪ್ರದೇಶಗಳಲ್ಲಿ ನಿಲ್ಲುತ್ತದೆ. ಹೀಗಾಗಿ ಮಳೆಗಾಲದಲ್ಲಿ ಉಬ್ಬರದ ವೇಳೆಯನ್ನು ಪತ್ರಿಕೆಗಳು ಪ್ರಕಟಿಸುವುದು ಇಲ್ಲಿನ ವಾಡಿಕೆ.

ವಾರದ ದಿನಗಳ ಆಯ್ಕೆಯೂ ಮುಖ್ಯ. ಎಲಿಫೆಂಟಾ ಗುಹೆಗಳು ಹಾಗೂ ಬೋರಿವಲಿಯ ರಾಷ್ಟ್ರೀಯ ಉದ್ಯಾನ ಎರಡೂ ಸೋಮವಾರ ಮುಚ್ಚಿರುತ್ತವೆ. ಭಾನುವಾರ ಲೋಕಲ್ ರೈಲು ಮಾರ್ಗಗಳಲ್ಲಿ ದುರಸ್ತಿಗಾಗಿ ‘ಮೆಗಾ ಬ್ಲಾಕ್’ ಇರುವುದುಂಟು, ದೂರದ ಪ್ರಯಾಣ ತಡವಾಗುತ್ತದೆ. ಆದರೆ ಅದೇ ಭಾನುವಾರ ಕಚೇರಿಗಳಿಗೆ ರಜೆಯಿರುವುದರಿಂದ ಕೋಟೆ ಪ್ರದೇಶದ ಬೀದಿಗಳು ಶಾಂತವಾಗಿರುತ್ತವೆ. ಆದ್ದರಿಂದ ಶುಕ್ರವಾರ ಉತ್ತರದ ಕನ್ಹೇರಿ ಹಾಗೂ ಬಾಂದ್ರಾ, ಶನಿವಾರ ಎಲಿಫೆಂಟಾ ಮತ್ತು ವಸ್ತುಸಂಗ್ರಹಾಲಯ, ಭಾನುವಾರ ಕೋಟೆ ಪ್ರದೇಶದ ಕಾಲ್ನಡಿಗೆ ಎಂಬ ಕ್ರಮ ಅನುಕೂಲಕರ.

ರೈಲಿನಲ್ಲಿ ಹೋಗುವವರು ತಮ್ಮ ಗಾಡಿ ಯಾವ ನಿಲ್ದಾಣದಲ್ಲಿ ಕೊನೆಗೊಳ್ಳುತ್ತದೆ ಎಂಬುದನ್ನು ಮೊದಲೇ ತಿಳಿದಿರಬೇಕು. ಬೆಂಗಳೂರಿನಿಂದ ರಾಯಚೂರು, ಕಲಬುರಗಿ, ಸೊಲ್ಲಾಪುರ ಮಾರ್ಗವಾಗಿ ಸಾಗುವ ಉದ್ಯಾನ್ ಎಕ್ಸ್‌ಪ್ರೆಸ್ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ತಲುಪುತ್ತದೆ. ಹುಬ್ಬಳ್ಳಿ ಮಾರ್ಗದ ಕೆಲವು ಗಾಡಿಗಳು ದಾದರ್‌ನಲ್ಲಿ ನಿಲ್ಲುತ್ತವೆ. ಮಂಗಳೂರಿನಿಂದ ಕೊಂಕಣ ರೈಲ್ವೆಯಲ್ಲಿ ಬರುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ಗೆ ಬರುತ್ತದೆ. 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ಣವಾಗಿ ತೆರೆದುಕೊಳ್ಳುವವರೆಗೆ ಕರಾವಳಿಯ ಜನ ಬಸ್ಸುಗಳನ್ನೇ ನೆಚ್ಚಿಕೊಂಡು ಘಾಟಿ ಹತ್ತಿ ಇಳಿದು ಮುಂಬಯಿ ಸೇರುತ್ತಿದ್ದರೆಂಬುದನ್ನು ಇಲ್ಲಿ ಸ್ಮರಿಸಬಹುದು.

ಲೋಕಲ್ ರೈಲಿನ ಪಾಠ

1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕ ರೈಲು ಓಡಿದ್ದು ಇಲ್ಲಿನ ಬೋರಿ ಬಂದರ್‌ನಿಂದ ಠಾಣೆಯವರೆಗೆ, 34 ಕಿಲೋಮೀಟರ್ ದೂರ. ಇಂದು ಪಶ್ಚಿಮ, ಮಧ್ಯ ಹಾಗೂ ಹಾರ್ಬರ್ ಎಂಬ ಮೂರು ಪ್ರಮುಖ ಮಾರ್ಗಗಳಲ್ಲಿ ನಗರದ ಜೀವನ ಓಡುತ್ತದೆ. ಚರ್ಚ್‌ಗೇಟ್‌ನಿಂದ ಪಶ್ಚಿಮ ಮಾರ್ಗ, ಶಿವಾಜಿ ಟರ್ಮಿನಸ್‌ನಿಂದ ಮಧ್ಯ ಹಾಗೂ ಹಾರ್ಬರ್ ಮಾರ್ಗಗಳು ಹೊರಡುತ್ತವೆ. ದಾದರ್‌ನಲ್ಲಿ ಪಶ್ಚಿಮ ಹಾಗೂ ಮಧ್ಯ ಮಾರ್ಗಗಳು ಸಂಧಿಸುತ್ತವೆ.

‘ಸ್ಲೋ’ ಗಾಡಿ ಎಲ್ಲ ನಿಲ್ದಾಣಗಳಲ್ಲೂ ನಿಲ್ಲುತ್ತದೆ, ‘ಫಾಸ್ಟ್’ ಗಾಡಿ ಕೆಲವೆಡೆ ಮಾತ್ರ. ಪ್ಲಾಟ್‌ಫಾರಂನ ಇಂಡಿಕೇಟರ್ ಫಲಕದಲ್ಲಿ ಕೊನೆಯ ನಿಲ್ದಾಣದ ಸಂಕೇತ, ಗಾಡಿಯ ಬಗೆ, ಡಬ್ಬಿಗಳ ಸಂಖ್ಯೆ ಮೂಡುತ್ತದೆ. ಅದನ್ನು ಓದದೆ ಹತ್ತಬಾರದು. ಹೊಸಬರು ಮಾಡುವ ಸಾಮಾನ್ಯ ತಪ್ಪೆಂದರೆ ಹತ್ತಿರದ ನಿಲ್ದಾಣಕ್ಕೆ ಹೋಗಲು ಬಹುದೂರದ ಗಾಡಿ ಹಿಡಿಯುವುದು. ಬೋರಿವಲಿಗೆ ಹೋಗುವವರು ಬೋರಿವಲಿ ಲೋಕಲ್ ಹತ್ತುವುದೇ ಕ್ಷೇಮ. ಜನದಟ್ಟಣೆಯ ವೇಳೆ ವಿರಾರ್ ಗಾಡಿ ಹತ್ತಿದರೆ ಮುಂದೆ ಹೋಗುವವರ ಗೋಡೆ ದಾಟಿ ಇಳಿಯುವುದೇ ಕಷ್ಟ.

ಎರಡನೇ ದರ್ಜೆಯ ಕನಿಷ್ಠ ಟಿಕೆಟ್ ದರ 5 ರೂಪಾಯಿ. ಮೊದಲ ದರ್ಜೆಯ ಡಬ್ಬಿಗಳು ನೋಡಲು ಹೆಚ್ಚು ಭಿನ್ನವಾಗಿರುವುದಿಲ್ಲ, ತಿಳಿಯದೆ ಹತ್ತಿದವರು ದಂಡ ತೆರಬೇಕಾಗುತ್ತದೆ. ಮಹಿಳೆಯರಿಗೆ ಪ್ರತ್ಯೇಕ ಡಬ್ಬಿಗಳಿವೆ. ತಂಡದಲ್ಲಿ ಯುವತಿಯರಿದ್ದರೆ ದಟ್ಟಣೆಯ ವೇಳೆಯಲ್ಲಿ ಅವರು ಅಲ್ಲಿ ಹತ್ತಿ, ಎಲ್ಲರೂ ಇಳಿಯುವ ನಿಲ್ದಾಣದ ಟಿಕೆಟ್ ಕೌಂಟರ್ ಬಳಿ ಸೇರುವುದೆಂದು ಮೊದಲೇ ನಿಶ್ಚಯಿಸಿಕೊಳ್ಳಬೇಕು. 2017ರ ಡಿಸೆಂಬರ್ 25ರಂದು ಆರಂಭವಾದ ಹವಾನಿಯಂತ್ರಿತ ಲೋಕಲ್ ಗಾಡಿಗಳ ಬಾಗಿಲುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ದರ ಹೆಚ್ಚು, ಸುರಕ್ಷತೆಯೂ ಹೆಚ್ಚು. ಮಧ್ಯರಾತ್ರಿ ಕಳೆದು ಒಂದು ಗಂಟೆಯ ಸುಮಾರಿಗೆ ಲೋಕಲ್ ಸಂಚಾರ ನಿಂತು ನಸುಕಿನ ನಾಲ್ಕರ ಸುಮಾರಿಗೆ ಮತ್ತೆ ಆರಂಭವಾಗುತ್ತದೆ.

ಇದೆಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಮುಂಬಯಿ ಉಪನಗರ ರೈಲು ಮಾರ್ಗಗಳಲ್ಲಿ 2024ರ ಒಂದೇ ವರ್ಷದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಹಳಿ ದಾಟುವಾಗ ಗಾಡಿಗೆ ಸಿಕ್ಕವರು, ಬಾಗಿಲಿನಿಂದ ಕೆಳಬಿದ್ದವರು ಇದರಲ್ಲಿ ಹೆಚ್ಚು. 2025ರ ಜೂನ್ 9ರಂದು ಮುಂಬ್ರಾ ಬಳಿ ಎದುರುಬದುರಾಗಿ ಸಾಗುತ್ತಿದ್ದ ಎರಡು ಗಾಡಿಗಳ ಬಾಗಿಲಲ್ಲಿ ಜೋತಾಡುತ್ತಿದ್ದ ಪ್ರಯಾಣಿಕರು ಒಬ್ಬರಿಗೊಬ್ಬರು ತಾಗಿ ಕೆಳಬಿದ್ದು, ಹಲವರು ಸಾವಿಗೀಡಾದರು. ಅವರು ಬದುಕಿನ ಅನಿವಾರ್ಯತೆಯಿಂದ ಬಾಗಿಲಲ್ಲಿ ನಿಂತವರು. ಪ್ರವಾಸಿಗೆ ಅಂತಹ ಅನಿವಾರ್ಯತೆಯಿಲ್ಲ. ಗೆಳೆಯರ ಮುಂದೆ ಧೈರ್ಯ ತೋರಿಸಲು ಬಾಗಿಲಲ್ಲಿ ಜೋತಾಡುವುದು, ಕಂಬಿ ಹಿಡಿದು ಚಿತ್ರ ತೆಗೆಸಿಕೊಳ್ಳುವುದು ಶುದ್ಧ ಅವಿವೇಕ. ಬೆಳಿಗ್ಗೆ 8ರಿಂದ 11 ಹಾಗೂ ಸಂಜೆ 5ರಿಂದ 9ರ ನಡುವೆ ಜನಪ್ರವಾಹದ ದಿಕ್ಕಿನಲ್ಲಿ ಪ್ರಯಾಣಿಸದಿರುವುದೇ ಲೇಸು.

ಸುರಂಗ ಮೆಟ್ರೊ ಈಗ ಇನ್ನೊಂದು ದಾರಿ ತೆರೆದಿದೆ. ಆರೆಯಿಂದ ಕಫ್ ಪರೇಡ್‌ವರೆಗಿನ ಸುಮಾರು 33 ಕಿಲೋಮೀಟರ್ ಉದ್ದದ ಮೂರನೇ ಮಾರ್ಗ 2024ರ ಅಕ್ಟೋಬರ್‌ನಿಂದ ಹಂತ ಹಂತವಾಗಿ ತೆರೆದು 2025ರ ಅಕ್ಟೋಬರ್‌ನಲ್ಲಿ ಪೂರ್ಣಗೊಂಡಿತು. ವಿಮಾನ ನಿಲ್ದಾಣ, ದಾದರ್, ಸಿದ್ಧಿವಿನಾಯಕ, ಶಿವಾಜಿ ಟರ್ಮಿನಸ್, ಹುತಾತ್ಮ ಚೌಕ, ಚರ್ಚ್‌ಗೇಟ್ ಎಲ್ಲವೂ ಈ ಮಾರ್ಗದಲ್ಲಿವೆ.

ಮೊದಲ ದಿನ: ಕನ್ಹೇರಿಯಿಂದ ಬಾಂದ್ರಾದವರೆಗೆ

ದಕ್ಷಿಣದಲ್ಲಾಗಲಿ ದಾದರ್‌ನಲ್ಲಾಗಲಿ ತಂಗಿದ್ದರೆ ಬೆಳಿಗ್ಗೆ ಉತ್ತರದ ಬೋರಿವಲಿಗೆ ಹೊರಡುವುದು ಜನಪ್ರವಾಹಕ್ಕೆ ಎದುರು ದಿಕ್ಕು. ಸಂಜೆ ಬಾಂದ್ರಾದಿಂದ ದಕ್ಷಿಣಕ್ಕೆ ಮರಳುವುದೂ ಹಾಗೆಯೇ. ಶುಕ್ರವಾರದಂತಹ ಕೆಲಸದ ದಿನಕ್ಕೆ ಈ ಸುತ್ತಾಟವನ್ನು ಇರಿಸಿಕೊಳ್ಳಲು ಇದೇ ಕಾರಣ.

ಬೋರಿವಲಿ ನಿಲ್ದಾಣದ ಪೂರ್ವಕ್ಕೆ ನೂರು ಚದರ ಕಿಲೋಮೀಟರಿಗೂ ಮಿಕ್ಕಿದ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನವಿದೆ. ಕೋಟಿಗೂ ಮಿಕ್ಕ ಜನರಿರುವ ನಗರದ ಮಗ್ಗುಲಲ್ಲೇ ಚಿರತೆಗಳು ಬದುಕಿರುವ ಕಾಡಿದು. ಪ್ರವೇಶದ್ವಾರದಿಂದ ಸುಮಾರು 6 ಕಿಲೋಮೀಟರ್ ಒಳಗೆ ಕನ್ಹೇರಿ ಗುಹೆಗಳಿವೆ. ಕಪ್ಪು ಬಸಾಲ್ಟ್ ಬೆಟ್ಟದಲ್ಲಿ ಕೊರೆದ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳಿಗೆ ಸುಮಾರು ಒಂದು ಸಾವಿರ ವರ್ಷಗಳ ಇತಿಹಾಸವಿದೆ. ಮೂರನೇ ಗುಹೆಯ ಚೈತ್ಯಾಲಯ, ಅದರ ಮುಖಮಂಟಪದ ಎತ್ತರದ ಬುದ್ಧಮೂರ್ತಿಗಳನ್ನು ತಪ್ಪದೆ ನೋಡಬೇಕು. ಬಂಡೆಯ ಮೇಲೆ ಬಿದ್ದ ಮಳೆನೀರನ್ನು ಕಾಲುವೆಗಳ ಮೂಲಕ ಗುಹೆ ಗುಹೆಯ ತೊಟ್ಟಿಗೆ ತುಂಬಿಸುವ ಪ್ರಾಚೀನ ವ್ಯವಸ್ಥೆಯೂ ಗಮನಾರ್ಹ.

ಕನ್ನಡಿಗರ ಪಾಲಿಗೆ ಕನ್ಹೇರಿಗೆ ಇನ್ನೊಂದು ಮಹತ್ವವಿದೆ. ಇಲ್ಲಿನ 9ನೇ ಶತಮಾನದ ಶಾಸನಗಳಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಹೆಸರಿದೆ. ಆತನ ಅಧೀನರಾಗಿ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರ ಕಾಲದಲ್ಲಿ ಇಲ್ಲಿನ ಭಿಕ್ಷುಗಳಿಗೆ ನೀಡಿದ ದತ್ತಿಗಳನ್ನು ಅವು ದಾಖಲಿಸುತ್ತವೆ. ಕನ್ನಡದ ಉಪಲಬ್ಧ ಮೊದಲ ಗ್ರಂಥವಾದ ‘ಕವಿರಾಜಮಾರ್ಗ’ ರೂಪುಗೊಂಡದ್ದು ಇದೇ ನೃಪತುಂಗನ ಆಸ್ಥಾನದಲ್ಲಿ.

ಮಧ್ಯಾಹ್ನದ ನಂತರ ರೈಲಿನಲ್ಲಿ ಬಾಂದ್ರಾಕ್ಕೆ ಬಂದರೆ ಮೌಂಟ್ ಮೇರಿ ಚರ್ಚ್, ಅಲ್ಲಿಂದ ಇಳಿದರೆ ಬ್ಯಾಂಡ್‌ಸ್ಟ್ಯಾಂಡ್ ಕಡಲತೀರ, ಅದರ ತುದಿಯಲ್ಲಿ ಪೋರ್ಚುಗೀಸರು 1640ರಲ್ಲಿ ಕಟ್ಟಿದ ಕೋಟೆಯ ಅವಶೇಷ ಸಿಗುತ್ತದೆ. 2009ರ ಜೂನ್ 30ರಂದು ಉದ್ಘಾಟನೆಗೊಂಡ 5.6 ಕಿಲೋಮೀಟರ್ ಉದ್ದದ ಬಾಂದ್ರಾ–ವರ್ಲಿ ಸಮುದ್ರ ಸೇತುವೆಯನ್ನು ನೋಡಲು ಈ ಕೋಟೆಗಿಂತ ಉತ್ತಮ ಜಾಗವಿಲ್ಲ. ಸೇತುವೆಯ ಮೇಲೆ ದ್ವಿಚಕ್ರ ವಾಹನ ಹಾಗೂ ಪಾದಚಾರಿಗಳಿಗೆ ಪ್ರವೇಶವಿಲ್ಲ.

ಬ್ಯಾಂಡ್‌ಸ್ಟ್ಯಾಂಡ್‌ನ ಬಂಡೆಗಳು ಇಳಿತದ ವೇಳೆ ಒಣಗಿ ಆಹ್ವಾನಿಸುವಂತೆ ಕಾಣುತ್ತವೆ. ಉಬ್ಬರ ಬಂದಾಗ ಅವೇ ಬಂಡೆಗಳು ಸುತ್ತಲೂ ನೀರು ತುಂಬಿ ದ್ವೀಪಗಳಾಗುತ್ತವೆ. 2016ರ ಜನವರಿಯಲ್ಲಿ ಇಲ್ಲಿ ಗೆಳತಿಯರೊಂದಿಗೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದ ಯುವತಿಯೊಬ್ಬಳು ಸಮುದ್ರಪಾಲಾದಳು. ರಕ್ಷಿಸಲು ನೀರಿಗಿಳಿದ ವ್ಯಕ್ತಿಯೂ ಮರಳಲಿಲ್ಲ. ಆ ಬಳಿಕ ಪೊಲೀಸರು ನಗರದ ಹಲವು ತಾಣಗಳನ್ನು ಸೆಲ್ಫಿಗೆ ಅಪಾಯಕಾರಿ ಎಂದು ಗುರುತಿಸಿದರು. ಚಿತ್ರಕ್ಕೆ ದಡದ ಕಟ್ಟೆಯೇ ಸಾಕು, ಬಂಡೆಗಳ ಮೇಲೆ ಇಳಿಯಬಾರದು.

ಎರಡನೇ ದಿನ: ಘಾರಾಪುರಿ ಮತ್ತು ಗೇಟ್‌ವೇ

ಗೇಟ್‌ವೇ ಆಫ್ ಇಂಡಿಯಾ ಮುಂಬಯಿಯ ಗುರುತು. 1911ರಲ್ಲಿ ದೊರೆ ಐದನೇ ಜಾರ್ಜ್ ಹಾಗೂ ರಾಣಿ ಮೇರಿ ಭಾರತಕ್ಕೆ ಬಂದುದರ ನೆನಪಿಗೆ ಕಟ್ಟಿದ ಈ 26 ಮೀಟರ್ ಎತ್ತರದ ಕಮಾನಿನ ವಾಸ್ತುಶಿಲ್ಪಿ ಜಾರ್ಜ್ ವಿಟೆಟ್. ಅರಸ ಬಂದಿಳಿದಾಗ ಕಮಾನು ಇರಲಿಲ್ಲ. ಅಡಿಗಲ್ಲು ಹಾಕಿದ್ದು 1913ರಲ್ಲಿ, ಉದ್ಘಾಟನೆಯಾದದ್ದು 1924ರ ಡಿಸೆಂಬರ್ 4ರಂದು. 1948ರ ಫೆಬ್ರವರಿ 28ರಂದು ಬ್ರಿಟಿಷ್ ಸೇನೆಯ ಕೊನೆಯ ತುಕಡಿ ಇದೇ ಕಮಾನಿನ ಮೂಲಕ ಹಾದು ಹಡಗು ಹತ್ತಿತು ಎಂಬುದು ಇತಿಹಾಸದ ವ್ಯಂಗ್ಯ.

ಎಲಿಫೆಂಟಾ ದ್ವೀಪಕ್ಕೆ ದೋಣಿಗಳು ಇಲ್ಲಿಂದಲೇ ಬೆಳಿಗ್ಗೆ ಹೊರಡುತ್ತವೆ. ಪ್ರಯಾಣ ಸುಮಾರು ಒಂದು ಗಂಟೆ. ಸ್ಥಳೀಯರು ಇದನ್ನು ಘಾರಾಪುರಿ ಎನ್ನುತ್ತಾರೆ. ದ್ವೀಪದಲ್ಲಿದ್ದ ಕಲ್ಲಾನೆಯನ್ನು ಕಂಡು ಪೋರ್ಚುಗೀಸರು ಇಟ್ಟ ಹೆಸರು ಎಲಿಫೆಂಟಾ. ಆ ಕಲ್ಲಾನೆ ಈಗ ಬೈಕುಲಾದ ಜೀಜಾಮಾತಾ ಉದ್ಯಾನದ ಆವರಣದಲ್ಲಿದೆ. ದೋಣಿ ಇಳಿದು ನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿದರೆ ಶಿವನ ಗುಹಾಲಯ. ಸುಮಾರು 6 ಮೀಟರ್ ಎತ್ತರದ ಮೂರು ಮುಖಗಳ ಸದಾಶಿವ ಮೂರ್ತಿಯ ಎದುರು ನಿಂತಾಗ ಎಂತಹ ವಾಚಾಳಿ ಗುಂಪೂ ಮೌನವಾಗುತ್ತದೆ. ಅರ್ಧನಾರೀಶ್ವರ, ಗಂಗಾಧರ, ನಟರಾಜ, ಅಂಧಕಾಸುರ ವಧೆಯ ಶಿಲ್ಪಗಳು ಸುತ್ತಲಿವೆ. ಯುನೆಸ್ಕೊ 1987ರಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬಾದಾಮಿ ಚಾಲುಕ್ಯ ಇಮ್ಮಡಿ ಪುಲಿಕೇಶಿ ನೌಕಾಬಲದಿಂದ ‘ಪುರಿ’ ಎಂಬ ಕಡಲ ಪಟ್ಟಣವನ್ನು ಗೆದ್ದನೆಂದು 634ರ ಐಹೊಳೆ ಶಾಸನ ಹೇಳುತ್ತದೆ. ಆ ಪುರಿ ಇದೇ ಘಾರಾಪುರಿ ಎಂಬುದು ಕೆಲವು ವಿದ್ವಾಂಸರ ಅಭಿಪ್ರಾಯ, ಅದನ್ನು ಒಪ್ಪದವರೂ ಇದ್ದಾರೆ.

ನಗರದ ದೀಪಗಳು ಎದುರಿಗೇ ಕಾಣುತ್ತಿದ್ದರೂ ಈ ದ್ವೀಪದ ಹಳ್ಳಿಗಳಿಗೆ ವಿದ್ಯುತ್ ಜಾಲ ತಲುಪಿದ್ದು 2018ರಲ್ಲಿ, ಸಮುದ್ರದಡಿಯ ಕೇಬಲ್ ಮೂಲಕ. ಪ್ರವಾಸಿಗರು ರಾತ್ರಿ ತಂಗುವಂತಿಲ್ಲ. ಕೊನೆಯ ದೋಣಿಯ ವೇಳೆಯನ್ನು ಇಳಿದ ತಕ್ಷಣ ಕೇಳಿ ತಿಳಿದುಕೊಳ್ಳಬೇಕು. ಮಂಗಗಳ ಹಾವಳಿ ಇರುವುದರಿಂದ ತಿಂಡಿಯ ಪೊಟ್ಟಣಗಳನ್ನು ಕೈಯಲ್ಲಿ ಹಿಡಿಯಬಾರದು. 2024ರ ಡಿಸೆಂಬರ್ 18ರಂದು ಈ ದ್ವೀಪಕ್ಕೆ ಹೊರಟಿದ್ದ ಪ್ರಯಾಣಿಕರ ದೋಣಿಗೆ ನೌಕಾಪಡೆಯ ವೇಗದೋಣಿ ಡಿಕ್ಕಿ ಹೊಡೆದು ಹತ್ತಕ್ಕೂ ಹೆಚ್ಚು ಜನ ಮೃತಪಟ್ಟರು. ಜೀವರಕ್ಷಕ ಜಾಕೆಟ್ ಧರಿಸುವುದು ಮುಜುಗರದ ಸಂಗತಿಯಲ್ಲ. ದೋಣಿಯವರು ಕೊಡದಿದ್ದರೆ ಕೇಳಿ ಪಡೆಯಬೇಕು, ತಲುಪುವವರೆಗೆ ಬಿಚ್ಚಬಾರದು.

ಮರಳಿದ ಬಳಿಕ ಗೇಟ್‌ವೇ ಎದುರಿನ ತಾಜ್ ಮಹಲ್ ಹೋಟೆಲ್ ಕಟ್ಟಡವನ್ನು ಹೊರಗಿನಿಂದ ನೋಡಬಹುದು. ಜಮ್‌ಶೇಟ್‌ಜಿ ಟಾಟಾ ಕಟ್ಟಿಸಿದ ಈ ಹೋಟೆಲ್ ತೆರೆದದ್ದು 1903ರಲ್ಲಿ, ಅಂದರೆ ಗೇಟ್‌ವೇಗಿಂತ ಎರಡು ದಶಕ ಮೊದಲು. 2008ರ ನವೆಂಬರ್ 26ರಂದು ಆರಂಭವಾದ ಉಗ್ರರ ದಾಳಿಯಲ್ಲಿ ನಗರದಾದ್ಯಂತ 166 ಮಂದಿ ಬಲಿಯಾದರು. ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಇದೇ ತಾಜ್‌ನಲ್ಲಿ ಉಗ್ರರೊಂದಿಗೆ ಹೋರಾಡುತ್ತಾ ಹುತಾತ್ಮರಾದರು.

ಹತ್ತು ನಿಮಿಷದ ನಡಿಗೆಯಲ್ಲಿ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯವಿದೆ. ಹಿಂದೆ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಎಂದು ಹೆಸರಾಗಿದ್ದ ಇದು ಸಾರ್ವಜನಿಕರಿಗೆ ತೆರೆದದ್ದು 1922ರಲ್ಲಿ. ಇದರ ವಾಸ್ತುಶಿಲ್ಪಿಯೂ ವಿಟೆಟ್. ಒಳಗಿನ ಕಮಾನುಗಳ ಜೋಡಣೆಗೆ ವಿಜಯಪುರದ ಗೋಳಗುಮ್ಮಟದ ಮಾದರಿಯನ್ನು ಆತ ಅನುಸರಿಸಿದ. ಶಿಲ್ಪ ವಿಭಾಗದಲ್ಲಿ ಐಹೊಳೆಯ ದೇವಾಲಯದ ಛಾವಣಿಯಿಂದ ತಂದ ಬ್ರಹ್ಮ ಮೊದಲಾದ ಬೃಹತ್ ಫಲಕಗಳಿವೆ. ಪಕ್ಕದಲ್ಲೇ 1952ರಲ್ಲಿ ಆರಂಭವಾದ ಜಹಾಂಗೀರ್ ಆರ್ಟ್ ಗ್ಯಾಲರಿ. ಉಡುಪಿ ಬಳಿಯ ಕಟ್ಟಿಂಗೇರಿಯಿಂದ ಬಂದು ಈ ನಗರದಲ್ಲಿ ನೆಲೆಸಿ ಖ್ಯಾತರಾದ ಚಿತ್ರಕಾರ ಕೆ.ಕೆ. ಹೆಬ್ಬಾರರನ್ನು ಇಲ್ಲಿ ನೆನೆಯದಿರಲಾಗದು.

ಮೂರನೇ ದಿನ: ಕೋಟೆ ಪ್ರದೇಶದ ಕಾಲ್ನಡಿಗೆ

ಹೆಸರು ಕೋಟೆಯಾದರೂ ಇಲ್ಲಿ ಈಗ ಕೋಟೆಯ ಗೋಡೆಯಿಲ್ಲ. 1860ರ ದಶಕದಲ್ಲಿ ಅದನ್ನು ಕೆಡವಿದ ಬಳಿಕವೇ ಇಂದಿನ ಭವ್ಯ ಕಟ್ಟಡಗಳು ಎದ್ದವು. ಬೆಳಿಗ್ಗೆ ಏಳಕ್ಕೆ ಶಿವಾಜಿ ಟರ್ಮಿನಸ್‌ನಿಂದ ನಡಿಗೆ ಆರಂಭಿಸಬಹುದು. ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ವಿನ್ಯಾಸದ ಈ ನಿಲ್ದಾಣದ ಕೆಲಸ 1878ರಲ್ಲಿ ಆರಂಭವಾಗಿ ಸುಮಾರು ಹತ್ತು ವರ್ಷ ನಡೆಯಿತು. ವಿಕ್ಟೋರಿಯಾ ಟರ್ಮಿನಸ್ ಎಂಬ ಹೆಸರು 1996ರಲ್ಲಿ ಬದಲಾಯಿತು. 2004ರಲ್ಲಿ ವಿಶ್ವ ಪರಂಪರೆಯ ಮನ್ನಣೆ ದೊರೆಯಿತು. ಗೋಡೆಗಳ ಮೇಲಿನ ನವಿಲು, ಮಂಗ, ಎಲೆ ಬಳ್ಳಿಗಳ ಕೆತ್ತನೆಯನ್ನು ಬಿಡುವಾಗಿ ನೋಡಬೇಕು. ಸಮೀಪದಲ್ಲೇ 1913ರಲ್ಲಿ ಪೂರ್ಣಗೊಂಡ ಪ್ರಧಾನ ಅಂಚೆ ಕಚೇರಿಯ ಗುಮ್ಮಟ ಕಾಣುತ್ತದೆ. ಅದನ್ನು ಕಂಡ ವಿಜಯಪುರದವರಿಗೆ ತಮ್ಮೂರೇ ನೆನಪಾದರೆ ಆಶ್ಚರ್ಯವಿಲ್ಲ. ಅದಕ್ಕೂ ಗೋಳಗುಮ್ಮಟವೇ ಪ್ರೇರಣೆ.

ಅಲ್ಲಿಂದ ದಕ್ಷಿಣಕ್ಕೆ ಸಾಗಿದರೆ 1864ರ ಫ್ಲೋರಾ ಫೌಂಟನ್, ಅದರ ಪಕ್ಕದಲ್ಲಿ ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಮಡಿದವರ ಸ್ಮಾರಕವಾದ ಹುತಾತ್ಮ ಚೌಕ. ಪೂರ್ವಕ್ಕೆ ತಿರುಗಿದರೆ 1833ರಲ್ಲಿ ಕಟ್ಟಿದ ಟೌನ್ ಹಾಲ್‌ನ ಅಗಲವಾದ ಮೆಟ್ಟಿಲುಗಳು. ಏಷ್ಯಾಟಿಕ್ ಸೊಸೈಟಿಯ ಗ್ರಂಥಾಲಯ ಇರುವುದು ಇಲ್ಲಿಯೇ. ಪಶ್ಚಿಮಕ್ಕೆ ಬಂದರೆ ಓವಲ್ ಮೈದಾನ. ಮೈದಾನದ ಒಂದು ಬದಿಯಲ್ಲಿ ಹೈಕೋರ್ಟ್ ಹಾಗೂ ವಿಶ್ವವಿದ್ಯಾಲಯದ ಗೋಥಿಕ್ ಶೈಲಿಯ ಕಟ್ಟಡಗಳು, 1878ರಲ್ಲಿ ಪೂರ್ಣಗೊಂಡ ಸುಮಾರು 85 ಮೀಟರ್ ಎತ್ತರದ ರಾಜಾಬಾಯಿ ಗಡಿಯಾರ ಗೋಪುರ. ಹತ್ತಿ ವ್ಯಾಪಾರಿ ಪ್ರೇಮಚಂದ್ ರಾಯಚಂದ್ ತಾಯಿಯ ಹೆಸರಿನಲ್ಲಿ ಇದಕ್ಕೆ ಹಣ ಕೊಟ್ಟರು. ಎದುರು ಬದಿಯಲ್ಲಿ 1930ರ ದಶಕದ ಆರ್ಟ್ ಡೆಕೊ ಶೈಲಿಯ ಮನೆಗಳು. ಎರಡು ಕಾಲಗಳ ಈ 94 ಕಟ್ಟಡಗಳ ಸಮುಚ್ಚಯಕ್ಕೆ 2018ರಲ್ಲಿ ಯುನೆಸ್ಕೊ ಮನ್ನಣೆ ಸಿಕ್ಕಿತು. ಮೈದಾನದ ನಡುವಿನ ಕಾಲುದಾರಿಯಲ್ಲಿ ನಿಂತರೆ ಎಡಕ್ಕೊಂದು ಶತಮಾನ, ಬಲಕ್ಕೊಂದು ಶತಮಾನ ಕಾಣುತ್ತದೆ. ಇದಕ್ಕೆ ಶುಲ್ಕವೂ ಇಲ್ಲ.

ಗಾಂಧೀಜಿ 1917ರಿಂದ 1934ರವರೆಗೆ ಮುಂಬಯಿಗೆ ಬಂದಾಗಲೆಲ್ಲ ತಂಗುತ್ತಿದ್ದ ಮಣಿ ಭವನ ಗಾಮದೇವಿ ಪ್ರದೇಶದಲ್ಲಿದೆ. ಸಂಜೆಯ ಹೊತ್ತಿಗೆ ಮರೀನ್ ಡ್ರೈವ್‌ಗೆ ಬರಬೇಕು. ಸುಮಾರು 3.6 ಕಿಲೋಮೀಟರ್ ಉದ್ದದ ಈ ಅರ್ಧಚಂದ್ರಾಕಾರದ ಕಡಲ ರಸ್ತೆಯ ಕಟ್ಟೆಯ ಮೇಲೆ ಕುಳಿತು ದೀಪಗಳು ಹೊತ್ತಿಕೊಳ್ಳುವುದನ್ನು ನೋಡುವುದು ಮುಂಬಯಿ ಪುಕ್ಕಟೆಯಾಗಿ ಕೊಡುವ ದೊಡ್ಡ ಸುಖ. ಮಳೆಗಾಲದ ಉಬ್ಬರದಲ್ಲಿ ಮಾತ್ರ ಅಲೆಗಳು ಕಟ್ಟೆ ದಾಟಿ ರಸ್ತೆಗೆ ಅಪ್ಪಳಿಸುತ್ತವೆ, ಆಗ ಅತ್ತ ಸುಳಿಯಬಾರದು.

ಮಾಟುಂಗಾ ಮತ್ತು ಕನ್ನಡದ ಮುಂಬಯಿ

ಒಂದು ಹೊತ್ತಿನ ತಿಂಡಿಯನ್ನಾದರೂ ಮಾಟುಂಗಾದಲ್ಲಿ ಮಾಡುವುದು ಉಚಿತ. ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇಲ್ಲಿನ ರೈಲು ನಿಲ್ದಾಣದ ಬಳಿಯಲ್ಲಿದೆ. ಮಧ್ಯ ರೈಲ್ವೆಯ ಮಾಟುಂಗಾ ನಿಲ್ದಾಣ 2017ರಲ್ಲಿ ಸಂಪೂರ್ಣವಾಗಿ ಮಹಿಳಾ ಸಿಬ್ಬಂದಿಯ ಕೈಗೆ ಬಂದು ಸುದ್ದಿಯಾಗಿತ್ತು. 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಷನ್ ಕೂಡ ಮಾಟುಂಗಾದಲ್ಲೇ ಇದೆ. ಕರಾವಳಿಯಿಂದ ಬರಿಗೈಯಲ್ಲಿ ಬಂದ ಹುಡುಗರು ಹಗಲು ಹೋಟೆಲುಗಳಲ್ಲಿ ಲೋಟ ತೊಳೆದು, ಇರುಳು ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಬದುಕು ಕಟ್ಟಿಕೊಂಡ ನಗರವಿದು.

ಹೊರಡುವ ಮುನ್ನ ಒಂದು ಪುಸ್ತಕವನ್ನಾದರೂ ಓದಿಕೊಂಡರೆ ಕಣ್ಣಿಗೆ ಕಾಣುವುದು ಇಮ್ಮಡಿಯಾಗುತ್ತದೆ. ಇಲ್ಲಿಯೇ ಬಾಳಿದ ಯಶವಂತ ಚಿತ್ತಾಲರ ‘ಶಿಕಾರಿ’, 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ವ್ಯಾಸರಾಯ ಬಲ್ಲಾಳರ ‘ಬಂಡಾಯ’, ಜಯಂತ ಕಾಯ್ಕಿಣಿಯವರ ಮುಂಬಯಿ ಕತೆಗಳು ಕನ್ನಡಕ್ಕೆ ಈ ನಗರ ಕೊಟ್ಟ ಕಾಣಿಕೆಗಳು. ಕಾಯ್ಕಿಣಿಯವರ ಈ ಕತೆಗಳ ಇಂಗ್ಲಿಷ್ ಅನುವಾದಕ್ಕೆ 2018ರ ಡಿಎಸ್‌ಸಿ ದಕ್ಷಿಣ ಏಷ್ಯಾ ಸಾಹಿತ್ಯ ಪ್ರಶಸ್ತಿ ಸಂದಿತು.

ವಸತಿ, ಊಟ, ಖರ್ಚು

ಮುಂಬಯಿಯಲ್ಲಿ ದುಬಾರಿಯಾದುದು ಜಾಗ, ಊಟವಲ್ಲ. ವಡಾಪಾವ್, ಮಿಸಳ್, ಪಾವ್‌ಭಾಜಿ, ಇರಾನಿ ಹೋಟೆಲುಗಳ ಬನ್‌ಮಸ್ಕಾ ಹಾಗೂ ಚಹಾದಲ್ಲಿ ಕಡಿಮೆ ಹಣಕ್ಕೆ ಹೊಟ್ಟೆ ತುಂಬುತ್ತದೆ. ವಸತಿಯ ವಿಷಯದಲ್ಲಿ ಮಾತ್ರ ಬಂದ ಮೇಲೆ ನೋಡೋಣ ಎಂಬ ಧೋರಣೆ ಸಲ್ಲದು. ದಾದರ್ ಅಥವಾ ದಕ್ಷಿಣದಲ್ಲಿ ಮೊದಲೇ ಕೊಠಡಿ ಕಾದಿರಿಸಬೇಕು. ದೂರದ ಉಪನಗರದಲ್ಲಿ ಅಗ್ಗದ ಕೊಠಡಿ ಹಿಡಿದವರು ಉಳಿಸಿದ ಹಣವನ್ನು ಪ್ರಯಾಣದಲ್ಲಿ, ದಣಿವಿನಲ್ಲಿ ಕಳೆಯುತ್ತಾರೆ. ರೈಲು ನಿಲ್ದಾಣಗಳ ವಿಶ್ರಾಂತಿ ಕೊಠಡಿಗಳು, 2021ರಲ್ಲಿ ಮುಂಬೈ ಸೆಂಟ್ರಲ್‌ನಲ್ಲಿ ತೆರೆದ ಪಾಡ್ ಹೋಟೆಲ್ ಒಂದು ರಾತ್ರಿಯ ತಂಗುವಿಕೆಗೆ ಅನುಕೂಲ. ಪ್ರತಿಯೊಬ್ಬರೂ ಗುರುತಿನ ಚೀಟಿಯ ಮೂಲಪ್ರತಿ ಇಟ್ಟುಕೊಂಡಿರಬೇಕು.

ಗುಂಪಿನ ಗೆಳೆತನ ಮುರಿಯುವುದು ಹೆಚ್ಚಾಗಿ ಹಣದ ವಿಷಯದಲ್ಲಿ. ಎಲ್ಲರ ಕಿಸೆಯೂ ಒಂದೇ ತೂಕದ್ದಲ್ಲ. ದುಬಾರಿ ಹೋಟೆಲಿಗೆ ಹೋಗೋಣವೆಂದಾಗ ಹಸಿವಿಲ್ಲ ಎನ್ನುವ ಗೆಳೆಯನಿಗೆ ನಿಜಕ್ಕೂ ಹಸಿವಿಲ್ಲದೇ ಇರಲಿಕ್ಕಿಲ್ಲ. ಆದ್ದರಿಂದ ಹೊರಡುವ ಮುನ್ನವೇ ತಲಾ ಇಷ್ಟು ಎಂದು ಒಟ್ಟು ಮಾಡಿ, ಒಬ್ಬರ ಕೈಗೆ ಲೆಕ್ಕ ಒಪ್ಪಿಸಬೇಕು. ಆ ಮೊತ್ತವನ್ನು ನಿರ್ಧರಿಸುವಾಗ ತಂಡದಲ್ಲಿ ಅತಿ ಕಡಿಮೆ ಕೊಡಬಲ್ಲವರ ಶಕ್ತಿಯೇ ಅಳತೆಗೋಲಾಗಬೇಕು.

ಗುಂಪು ಒಗ್ಗಟ್ಟಾಗಿರಲು

ಆರಕ್ಕಿಂತ ದೊಡ್ಡ ತಂಡವಾದರೆ ಎರಡಾಗಿ ಒಡೆದುಕೊಳ್ಳುವುದು ಒಳಿತು. ಒಬ್ಬೊಬ್ಬರಿಗೆ ಒಬ್ಬ ಜೊತೆಗಾರ ಎಂದು ಗೊತ್ತುಮಾಡಿಕೊಂಡರೆ ಯಾರೂ ಒಂಟಿಯಾಗುವುದಿಲ್ಲ. ವಸತಿಗೃಹದ ವಿಳಾಸ ಹಾಗೂ ಗೆಳೆಯರ ದೂರವಾಣಿ ಸಂಖ್ಯೆಗಳನ್ನು ಮೊಬೈಲಿನಲ್ಲಷ್ಟೇ ಅಲ್ಲ, ಕಾಗದದ ಮೇಲೂ ಬರೆದಿಟ್ಟುಕೊಳ್ಳಬೇಕು. ಜನಸಂದಣಿಯಲ್ಲಿ ಮೊದಲು ಕಳೆಯುವುದು ಮೊಬೈಲೇ. ತುರ್ತು ನೆರವಿಗೆ 112, ರೈಲಿನಲ್ಲಿ ತೊಂದರೆಯಾದರೆ 139ಕ್ಕೆ ಕರೆ ಮಾಡಬಹುದು.

ಇನ್ನು ರೈಲಿನಲ್ಲಿ ಬೇರ್ಪಟ್ಟರೆ ಪಾಲಿಸಬೇಕಾದ ನಿಯಮ ಒಂದೇ. ಹತ್ತಿದವರು ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲೇ ನಿಲ್ಲಬೇಕು, ಉಳಿದವರು ಓಡಬಾರದು, ಅದೇ ಬಗೆಯ ಮುಂದಿನ ಗಾಡಿ ಹಿಡಿದು ಬರಬೇಕು. ಅಂದು ದಾದರ್‌ನಲ್ಲಿ ನಮ್ಮ ತಂಡಕ್ಕೆ ಈ ನಿಯಮ ತಿಳಿದಿರಲಿಲ್ಲ. ನಾಲ್ವರು ಒಂದೊಂದು ನಿಲ್ದಾಣದಲ್ಲಿ ಇಳಿದು ಹುಡುಕಾಡಿದೆವು, ಎಲ್ಲರೂ ಒಟ್ಟಾದಾಗ ರಾತ್ರಿ ಒಂಬತ್ತು ದಾಟಿತ್ತು. ಮರೀನ್ ಡ್ರೈವ್‌ನ ಸಂಜೆ ತಪ್ಪಿಹೋಯಿತು. ಆದರೆ ಆರು ಮಂದಿ ಹೋಗಿದ್ದೆವು, ಆರು ಮಂದಿಯೂ ಊರಿಗೆ ಮರಳಿದೆವು. ಕೊರಳಪಟ್ಟಿ ಹಿಡಿದೆಳೆದ ಆ ಹಿರಿಯರು ಹೇಳಿದಂತೆ ಮುಂದಿನ ಗಾಡಿ ನಾಲ್ಕು ನಿಮಿಷದಲ್ಲಿ ಬಂದಿತ್ತು.